ಲಾಕರಿನಲ್ಲಿರುವ ಸರ

ಮಾವ ಸೊಸೆಗೆ ಬೈದದ್ದು ಕೇಳಿದ್ದೇವೆ. ಸೊಸೆ ಸಿಟ್ಟಿನಲ್ಲಿ ಮಾವನ ಗಂಜಿಗೆ ಉಪ್ಪು ಮರೆತದ್ದೂ ಕೇಳಿದ್ದೇವೆ. ಆದರೆ ಒಂದೇ ಪಾತ್ರೆಯ ಗಂಜಿ ಉಣ್ಣುವ ಮಾವ ತನ್ನ ಸೂರಿನಡಿಯ ಸೊಸೆಗೆ ಕೋರ್ಟಿನಿಂದ ಸಮನ್ಸ್ ಕಳಿಸಿದ್ದನ್ನು ಶಿರ್ತಾಡಿಯವರು ಕಂಡದ್ದು ಅದೇ ಮೊದಲು. ಕಳಿಸಿದ್ದು ಮಾತ್ರವಲ್ಲ, ಅವಳು ಕೋರ್ಟಿಗೆ ಹೋಗಿ ಬರುವ ಬಸ್ ಚಾರ್ಜನ್ನೂ ಕಾನೂನಿನ ಪ್ರಕಾರ ಮುಂಗಡ ಕಟ್ಟಿದ್ದರು, ಪುಣ್ಯಾತ್ಮ.

ಆ ದಿನ ಕೋರ್ಟಿನ ಅಮೀನ ಮಾಯಿಲಪ್ಪನವರು ಬೈಕನ್ನು ರಸ್ತೆಯಲ್ಲೇ ಬಿಟ್ಟು, ನೆರೆಯ ಮುಂಡಪ್ಪಣ್ಣನ ಕಬ್ಬಿಣದ ಗೇಟಿನ ಸಂದಿಯಲ್ಲಿ ಹೊಟ್ಟೆ ಎಳೆದುಕೊಂಡು ನುಸುಳಿ, ಬೆವರೊರೆಸುತ್ತ ಅಂಗಳಕ್ಕೆ ಬಂದರು. ಮಾವ ತುಕ್ರಪ್ಪನವರು ದಿಬ್ಬಣ ಎದುರುಗೊಳ್ಳುವವರ ಹಾಗೆ ಎದ್ದು ಹೋಗಿ, ಕುಳ್ಳಿರಿಸಿ, ಬೆಲ್ಲ ನೀರು ಕೊಟ್ಟರು. ಆಮೇಲೆ ಅಡುಗೆಮನೆಯ ಕಡೆಗೆ ಕೂಗಿದರು.

"ಹರಿಣಾಕ್ಷಿ, ಸ್ವಲ್ಪ ಬಾ. ನಿನಗೆ ನನ್ನದೊಂದು ಸಮನ್ಸ್ ಉಂಟು. ಸೈನ್ ಹಾಕಿ ತೆಗೆದುಕೋ."

ಹರಿಣಾಕ್ಷಿ ನೀರುದೋಸೆಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಮಾಯಿಲಪ್ಪನವರು ಕಾಗದ ಬಿಚ್ಚಿ ಓದಿದರು. ಮೂಡುಬಿದಿರೆಯ ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾರಿಯ ದಾವೆಯಲ್ಲಿ ತಾವು ಸಾಕ್ಷಿಯಾಗಿ, ತಮ್ಮ ವಶದಲ್ಲಿರುವ ಮದುವೆ ಫೋಟೋ ಆಲ್ಬಮ್ ಸಹಿತ, ಖುದ್ದು ಹಾಜರಾಗತಕ್ಕದ್ದು.

"ಆಲ್ಬಮ್ ಗೆದ್ದಲು ತಿಂದಿದೆ ಅಂತ ನಾನು ಮೊದಲೇ ಹೇಳಿದ್ದೆನಲ್ಲ ಮಾವ," ಎಂದಳು ಅವಳು.

"ನನ್ನತ್ರ ಹೇಳಿದ್ದು ಬಿಡು. ಗೆದ್ದಲು ತಿಂದಿದ್ದರೆ ಕೋರ್ಟಿನಲ್ಲಿ ಸತ್ಯ ಮಾಡಿ ಹೇಳು. ಬಾಯಿಮಾತಿಗೆ ನೀನು ಕೊಡಲಿಲ್ಲ, ಇನ್ನು ಸರಕಾರವೇ ಕೇಳ್ತದೆ."

"ಗೆದ್ದಲು ಎಲ್ಲಿಂದ ಬರ್ಬೇಕು?" ಅತ್ತೆ ಪೂವಮ್ಮ ಜಗಲಿಯಿಂದಲೇ ಹೇಳಿದರು. "ಅವಳ ಕಪಾಟಿನಲ್ಲಿ ಸೀರೆಯ ಅಡಿಯಲ್ಲಿ ಉಂಟು. ನಾನೇ ನೋಡಿದ್ದೇನೆ."

"ಬರದಿದ್ದರೆ ವಾರಂಟ್ ಆಗ್ತದೆ ಅಮ್ಮ," ಮಾಯಿಲಪ್ಪನವರು ಲೋಟ ಕೆಳಗಿಟ್ಟು ಮೆಲ್ಲಗೆ ಹೇಳಿದರು. "ಆಗ ನಾನು ಬರುವುದಿಲ್ಲ, ಪೊಲೀಸರು ಬರ್ತಾರೆ."

ಹರಿಣಾಕ್ಷಿ ಸೈನ್ ಹಾಕಿದಳು. ಕಾಗದದ ಮೂಲೆಗೆ ಹಿಟ್ಟು ಹತ್ತಿತು.

ದಾವೆಯ ಸಂಗತಿ ಇಷ್ಟೇ. ತುಕ್ರಪ್ಪನವರ ಅಂಗಳಕ್ಕೆ ಬರುವ ದಾರಿ ಮುಂಡಪ್ಪಣ್ಣನ ಜಾಗದ ಅಂಚಿನಲ್ಲಿ ಹಾದು ಬರುತ್ತದೆ. ಎಷ್ಟೋ ಕಾಲದಿಂದ ಅದರಲ್ಲಿ ಜೀಪು, ಕಾರು, ಹರಿಣಾಕ್ಷಿಯ ಗಂಡ ಧನರಾಜನ ಪಿಕಪ್ಪು ಎಲ್ಲ ಓಡಾಡಿದ್ದವು. ಹೋದ ವರ್ಷ ಒಂದು ಹಲಸಿನ ಮರದ ನೆಪದಲ್ಲಿ ಮಾತಿಗೆ ಮಾತು ಬೆಳೆದು, ಮುಂಡಪ್ಪಣ್ಣ ಗೇಟು ಇಟ್ಟು ಬೀಗ ಜಡಿದ. ಇದು ಕಾಲುದಾರಿ ಮಾತ್ರ, ವಾಹನ ಬಿಟ್ಟದ್ದು ಈಚೆಗೆ ಹತ್ತು ವರ್ಷದಿಂದ, ಅದೂ ನನ್ನ ಉಪಕಾರ ಎಂದು ಅವನ ವಾದ. ಇಪ್ಪತ್ತು ವರ್ಷ ಮೀರಿ ವಾಹನ ಓಡಾಡಿದೆ ಎಂದು ತೋರಿಸಿದರೆ ದಾರಿ ನಮ್ಮದಾಗುತ್ತದೆ ಎಂದು ವಕೀಲೆ ಜ್ಯೋತ್ಸ್ನಾ ಹೇಳಿದ್ದಳು. ತೋರಿಸಲು ಊರಿಡೀ ಹುಡುಕಿದರೂ ಸಿಕ್ಕಿದ್ದು ಒಂದೇ: ಹರಿಣಾಕ್ಷಿಯ ಮದುವೆ ಆಲ್ಬಮ್ಮಿನ ಒಂದು ಫೋಟೋ. ಮದುಮಗಳು ಹೂವಿನ ಅಲಂಕಾರದ ಅಂಬಾಸಿಡರಿನಿಂದ ಇಳಿಯುತ್ತಿದ್ದಾಳೆ, ಕಾರು ನಿಂತಿರುವುದು ಅದೇ ದಾರಿಯಲ್ಲಿ, ಹಿಂದೆ ಮುಂಡಪ್ಪಣ್ಣನ ಜಾಗದ ಕಲ್ಲಿನ ಗೋಡೆ, ಪಾಗಾರ.

ಫೋಟೋದಲ್ಲಿ ಕಾರು ಇತ್ತು, ಪಾಗಾರ ಇತ್ತು. ಹರಿಣಾಕ್ಷಿಗೆ ಹೆದರಿಕೆ ಇದ್ದದ್ದು ಅವೆರಡರದ್ದಲ್ಲ, ಮದುಮಗಳ ಕೊರಳಲ್ಲಿದ್ದ ಚಿನ್ನದ ಪವನಿನ ಸರದ್ದು.

ಆ ಸರ ಅವಳದ್ದಾಗಿರಲಿಲ್ಲ. ಅವಳ ತವರು ಪುಂಜಾಲಕಟ್ಟೆ. ನೆರೆಮನೆಯ ಖದೀಜಕ್ಕನ ಹತ್ತಿರ ಅವಳ ಅಮ್ಮ ಮೂರು ದಿನಕ್ಕೆಂದು ಕೇಳಿ ತಂದ ಸರ ಅದು. ಮದುವೆ ಕಳೆದು ಮೊದಲ ಸಲ ತವರಿಗೆ ಹೋದಾಗ ಕೊರಳಿಂದ ತೆಗೆದು ಖದೀಜಕ್ಕನ ಕೈಗೆ ಕೊಟ್ಟದ್ದೂ ಆಗಿತ್ತು. ವಾಪಸು ಶಿರ್ತಾಡಿಗೆ ಬಂದಾಗ ಪೂವಮ್ಮ ಕೇಳಿದ ಮೊದಲ ಪ್ರಶ್ನೆ, "ಸರ ಎಲ್ಲಿ?" ಹೊಸ ಮದುಮಗಳ ಬಾಯಿಯಿಂದ ಜಾರಿತು, "ಮೂಡುಬಿದಿರೆಯ ಬ್ಯಾಂಕಿನ ಲಾಕರಿನಲ್ಲಿ ಇಟ್ಟು ಬಂದೆ." ಪೂವಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ, ಲಾಕರಿನ ಕೀ ಸಣ್ಣ ಪ್ರಾಯದವರ ಹತ್ತಿರ ಇರಬಾರದು ಎಂದು ಕೈ ಚಾಚಿದರು. ಹರಿಣಾಕ್ಷಿ ಒಳಗೆ ಹೋಗಿ, ತವರಿನಿಂದ ತಂದ ಟ್ರಂಕಿನ ಕೀ ತಂದುಕೊಟ್ಟಳು. ಆ ಟ್ರಂಕಿನ ಬೀಗ ಕೆಟ್ಟು ಯಾವತ್ತೋ ಗುಜರಿಗೆ ಹೋಗಿತ್ತು. ಪೂವಮ್ಮ ಕೀಯನ್ನು ಸೊಂಟದ ದಾರಕ್ಕೆ ಕಟ್ಟಿಕೊಂಡವರು ಮತ್ತೆ ಬಿಚ್ಚಲಿಲ್ಲ.

ಒಂದು ಸುಳ್ಳನ್ನು ಸಾಕುವುದು ಎಮ್ಮೆ ಸಾಕುವುದಕ್ಕಿಂತ ಕಷ್ಟ. ಎಮ್ಮೆಯಾದರೂ ಹಾಲು ಕೊಡುತ್ತದೆ. ಊರಲ್ಲಿ ಮದುವೆ ಬಂದಾಗಲೆಲ್ಲ ಪೂವಮ್ಮ, "ಸರ ಹಾಕಿಕೊಂಡು ಹೋಗುವ," ಎನ್ನುವುದು, ಹರಿಣಾಕ್ಷಿ ಒಂದು ಸಲ ಬ್ಯಾಂಕಿಗೆ ರಜೆ, ಇನ್ನೊಂದು ಸಲ ಮ್ಯಾನೇಜರಿಗೆ ವರ್ಗ, ಮತ್ತೊಂದು ಸಲ ಮುಷ್ಕರ ಎನ್ನುವುದು. ನೋಟು ರದ್ದಾದ ವರ್ಷ ಮತ್ತು ಕೊರೋನದ ಎರಡು ವರ್ಷ ಮಾತ್ರ ಅವಳು ನೆಮ್ಮದಿಯಿಂದ ಉಸಿರಾಡಿದ್ದು. ನಡುವೆ ಚಿನ್ನದ ಸ್ಕೀಮಿಗೆ ಸೇರಿ ಅಂಥದ್ದೇ ಒಂದು ಸರ ಮಾಡಿಸಿಬಿಡುವ ಎಂದು ಹಾಲಿನ ದುಡ್ಡು ಕಟ್ಟಿದಳು. ಅವಳು ಒಂದು ಹೆಜ್ಜೆ ಇಟ್ಟರೆ ಚಿನ್ನದ ಬೆಲೆ ಹತ್ತು ಹೆಜ್ಜೆ ಓಡಿತು. ಕೊನೆಗೆ ನೋಡಿದವರಿಗೆ ನೆನಪಾಗುವುದೇ ಬೇಡ ಎಂದು ಆಲ್ಬಮ್ಮನ್ನು ಸೀರೆಯ ಅಡಿಗೆ ಸೇರಿಸಿದಳು.

ಪೂವಮ್ಮನಿಗೆ ನೆನಪಿಸುವವರು ಬೇಕಿರಲಿಲ್ಲ. ಈಗ ಹರಿಣಾಕ್ಷಿಯ ಮಗಳು ವಿಸ್ಮಿತಾಳಿಗೆ ಚಾರ್ಮಾಡಿಯ ಕಡೆ ಗಂಡು ನಿಶ್ಚಯವಾಗಿತ್ತು. "ನಮ್ಮ ಹುಡುಗಿ ಅಮ್ಮನ ಪವನಿನ ಸರ ಹಾಕಿಕೊಂಡೇ ಬರುವುದು," ಎಂದು ಪೂವಮ್ಮ ಬೀಗರಿಗೆ ಮಾತು ಕೊಟ್ಟಾಗಿತ್ತು. ಅಂದಿನಿಂದ ಹರಿಣಾಕ್ಷಿಗೆ ಎದೆಯಲ್ಲಿ ಅವಲಕ್ಕಿ ಕುಟ್ಟುವುದು ನಿಂತಿರಲಿಲ್ಲ. ಅದರ ಮೇಲೆ ಈ ಸಮನ್ಸ್.

ವಿಚಾರಣೆಯ ಹಿಂದಿನ ದಿನ ಅವಳು ಆಲ್ಬಮ್ ಹೊರತೆಗೆದು ಬಚ್ಚಲ ಒಲೆಯ ಮುಂದೆ ಕುಳಿತಳು. ಪ್ಲಾಸ್ಟಿಕ್ ಹಾಳೆಯೊಳಗಿಂದ ಆ ಒಂದು ಫೋಟೋವನ್ನು ಎಳೆದರೆ ಕೆಲಸ ಮುಗಿಯುತ್ತಿತ್ತು. ಅರ್ಧ ಎಳೆದಳು. ಅಷ್ಟರಲ್ಲಿ ಮಂಡಿನೋವಿನ ಮಾವ ಅಂಗಡಿಯಿಂದ ಪಶು ಆಹಾರದ ಚೀಲ ಹೊತ್ತ ಧನರಾಜನ ಹಿಂದೆ ಗೇಟು ನುಸುಳಿ, ಕೋಲೂರಿ, ನಿಂತು ನಿಂತು ಬರುವುದು ಕಾಣಿಸಿತು. ಮುಂದೆ ವಿಸ್ಮಿತಾಳ ದಿಬ್ಬಣವೂ ಹೀಗೇ ಒಬ್ಬೊಬ್ಬರಾಗಿ ಸಂದಿಯಲ್ಲಿ ನುಸುಳಿ ಬರುವುದನ್ನು ನೆನೆದು ಅವಳಿಗೆ ಕಣ್ಣು ತುಂಬಿತು. ಫೋಟೋವನ್ನು ಮತ್ತೆ ಒಳಗೆ ತುರುಕಿದಳು. ಕಾರು ತಾನೇ ನೋಡುವುದು, ಕೊರಳು ಯಾರು ನೋಡುತ್ತಾರೆ ಎಂದು ತನಗೇ ಸಮಾಧಾನ ಹೇಳಿಕೊಂಡಳು.

ಮೂಡುಬಿದಿರೆಯ ಕೋರ್ಟಿನಲ್ಲಿ ಮನೆಯವರೆಲ್ಲ ಬೆಂಚಿನಲ್ಲಿ ಸಾಲಾಗಿ ಕುಳಿತರು. ಪೂವಮ್ಮ ಹಸಿರು ಸೀರೆ ಉಟ್ಟು, ಮುಡಿಗೆ ಮಲ್ಲಿಗೆ ಮುಡಿದು, ಮದುವೆಗೆ ಬಂದ ಹಾಗೆ ಬಂದಿದ್ದರು. ಆಚೆ ಬದಿಯಲ್ಲಿ ಮುಂಡಪ್ಪಣ್ಣ ಬಿಳಿ ಅಂಗಿಯಲ್ಲಿ ಕಾಲ ಮೇಲೆ ಕಾಲು ಹಾಕಲು ಹೋಗಿ, ಪೇದೆ ನೋಡಿದ್ದಕ್ಕೆ ಇಳಿಸಿದ. ಹರಿಣಾಕ್ಷಿ ಕಟಕಟೆ ಹತ್ತಿ, ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿ, ಆಲ್ಬಮ್ ಒಪ್ಪಿಸಿದಳು. ಜ್ಯೋತ್ಸ್ನಾ ಕೇಳಿದ್ದಕ್ಕೆಲ್ಲ ಚುಟುಕಾಗಿ ಉತ್ತರವಾಯಿತು. ಇದು ನಾನೇ, ಇದು ನನ್ನ ಮದುವೆಯ ದಿನ, ಕಾರು ಅಂಗಳದವರೆಗೂ ಬಂದಿತ್ತು.

ಆಮೇಲೆ ಮುಂಡಪ್ಪಣ್ಣನ ವಕೀಲ ಎದ್ದ. ಬಂಟ್ವಾಳದಿಂದ ಬರುವ ಜಿತೇಶ್ ಎಂಬ ಯುವಕ, ಕೋಟು ಕಪ್ಪು, ಮಾತು ಬೆಣ್ಣೆ. ಅವನು ಫೋಟೋ ನೋಡಿದ, ಹರಿಣಾಕ್ಷಿಯನ್ನು ನೋಡಿದ, ಮತ್ತೆ ಫೋಟೋ ನೋಡಿದ.

"ಮೇಡಂ, ಇದು ಇಪ್ಪತ್ತಮೂರು ವರ್ಷದ ಹಿಂದಿನ ಫೋಟೋ ಅಂತೀರಾ?"

"ಹೌದು."

"ನಂಬ್ಲಿಕ್ಕೆ ಕಷ್ಟ ಆಗ್ತದೆ. ನಿಮ್ಮನ್ನು ನೋಡಿದರೆ ಹೆಚ್ಚೆಂದರೆ ಹತ್ತು ವರ್ಷದ ಹಿಂದಿನದ್ದು ಅನಿಸ್ತದೆ. ಇಷ್ಟು ವರ್ಷದಲ್ಲಿ ನೀವು ಒಂದು ಚೂರೂ ಬದಲಾಗಲಿಲ್ಲ ಎಂದರೆ ಸರಿಯಾ?"

ಹರಿಣಾಕ್ಷಿಯನ್ನು ಹಾಗೆಂದು ಯಾರಾದರೂ ಹೊಗಳಿ ಎಷ್ಟು ಕಾಲವಾಗಿತ್ತೋ. ಗಂಡನ ಬಾಯಿಂದ ಅಂಥದ್ದೊಂದು ಮಾತು ಯಾವತ್ತೂ ಬಂದದ್ದಿಲ್ಲ. ಅವಳು ಸೆರಗು ಸರಿಮಾಡಿಕೊಂಡು, "ಸರಿ ಇರಬಹುದು," ಎಂದಳು.

ಬೆರಳಚ್ಚಿನವಳು ಅದನ್ನು ಟಪಟಪ ಹೊಡೆದಳು. ಜ್ಯೋತ್ಸ್ನಾಳಿಗೆ ಕೆಮ್ಮು ಬಂತು. ಮಾತು ಎಲ್ಲಿಗೆ ಹೋಗಿ ತಗುಲಿತೆಂದು ಹರಿಣಾಕ್ಷಿಗೆ ಹೊಳೆಯುವಾಗ ತಡವಾಗಿತ್ತು.

"ಫೋಟೋದಲ್ಲಿ ನಿಮ್ಮ ಗಂಡನ ಭುಜ ಮಾತ್ರ ಉಂಟು, ತಲೆ ಇಲ್ಲ," ಜಿತೇಶ್ ಮುಂದುವರಿಸಿದ. "ತಲೆ ಇದ್ದಿದ್ದರೆ ಕಾಲ ಹೇಳಬಹುದಿತ್ತು." ಬೆಂಚಿನಲ್ಲಿದ್ದ ಧನರಾಜ ತನ್ನ ಬೋಳು ತಲೆಯನ್ನು ಒಮ್ಮೆ ಸವರಿಕೊಂಡ. "ಪ್ಲಾಸ್ಟಿಕ್ ಹಾಳೆಯಿಂದ ಫೋಟೋ ತೆಗೆದು ಬೇರೆ ಹಾಕಬಹುದು. ಇದೊಂದೇ ಫೋಟೋ ಅರ್ಧ ಹೊರಗೆ ಬಂದ ಹಾಗೆ ಉಂಟಲ್ಲ, ಯಾಕೆ?"

ಹರಿಣಾಕ್ಷಿಗೆ ಬಚ್ಚಲ ಒಲೆ ನೆನಪಾಯಿತು.

"ಇರಲಿ. ಮದುವೆ ಹಾಲ್‌ನ ಫೋಟೋಗಳಲ್ಲಿ ಇರುವ ಈ ಸರವೇ ಇದರಲ್ಲೂ ಉಂಟು, ಹಾಗಾಗಿ ಅದೇ ದಿನದ್ದು ಅಂತ ನಿಮ್ಮ ವಕೀಲರು ಹೇಳಬಹುದು. ಸರ ಒಳ್ಳೆದುಂಟು. ಈಗ ಎಲ್ಲಿ ಉಂಟು ಮೇಡಂ ಅದು?"

ಕೊರಳು ಯಾರು ನೋಡುತ್ತಾರೆ ಎಂದುಕೊಂಡಿದ್ದಳಲ್ಲ. ಈಗ ಇಡೀ ಕೋರ್ಟು ಅವಳ ಕೊರಳನ್ನೇ ನೋಡುತ್ತಿತ್ತು. ಅವಳು ಬಾಯಿ ತೆರೆಯುವ ಮೊದಲೇ ಬೆಂಚಿನಿಂದ ಪೂವಮ್ಮನ ದನಿ ಬಂತು.

"ಲಾಕರಿನಲ್ಲಿ ಉಂಟು ಸ್ವಾಮಿ. ಕೀ ನನ್ನ ಹತ್ತಿರ ಉಂಟು."

"ಮಧ್ಯದಲ್ಲಿ ಮಾತಾಡಬಾರದು," ನ್ಯಾಯಾಧೀಶರು ಹೇಳಿದರು.

ಜಿತೇಶನ ಮುಖ ಅರಳಿತು. "ಬಹಳ ಸಂತೋಷ. ಅಂದರೆ ಬೇಕಾದಾಗ ಲಾಕರಿನಿಂದ ತೆಗೆದು ಹಾಕಿಕೊಳ್ಳಬಹುದು. ಹತ್ತು ವರ್ಷದ ಹಿಂದೆ, ನನ್ನ ಕಕ್ಷಿದಾರರು ವಾಹನ ಬಿಡಲು ಒಪ್ಪಿದ ಮೇಲೆ, ಅದೇ ಸೀರೆ ಉಟ್ಟು, ಅದೇ ಸರ ಹಾಕಿ, ಕಾರಿನ ಮುಂದೆ ನಿಂತು ಈ ಫೋಟೋ ತೆಗೆಸಿದ್ದು. ಎಂದರೆ ಸರಿಯಾ?"

ಮುಂಡಪ್ಪಣ್ಣ ಆ ದಿನ ಮೊದಲ ಸಲ ನಕ್ಕ.

ಬಿಸಿ ತುಪ್ಪ ಎಂದರೆ ಇದು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಲಾಕರಿನಲ್ಲಿ ಉಂಟು ಎಂದರೆ ಮಾನ ಉಳಿಯುತ್ತದೆ, ದಾರಿ ಹೋಗುತ್ತದೆ. ಇಲ್ಲ ಎಂದರೆ ದಾರಿ ಉಳಿಯುತ್ತದೆ, ಅತ್ತೆಯ ಮುಂದೆ, ಊರಿನ ಮುಂದೆ, ನಾಳೆಯ ಬೀಗರ ಮುಂದೆ ತಲೆ ಎತ್ತುವ ಹಾಗಿಲ್ಲ. ಹರಿಣಾಕ್ಷಿ ಬೆಂಚಿನ ಕಡೆ ನೋಡಿದಳು. ಪೂವಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು, ಧೈರ್ಯ ಹೇಳುವಂತೆ ಅವಳಿಗೆ ತಲೆಯಾಡಿಸುತ್ತಿದ್ದರು. ಅದನ್ನು ನೋಡಿ ಅವಳಿಗೆ ತುಂಬ ಸಂಕಟವಾಯಿತು. ಪಕ್ಕದಲ್ಲಿ ತುಕ್ರಪ್ಪನವರು ನೋವಿನ ಮಂಡಿಯನ್ನು ತಿಕ್ಕಿಕೊಳ್ಳುತ್ತಿದ್ದರು.

"ಸರಿಯಲ್ಲ," ಎಂದಳು ಹರಿಣಾಕ್ಷಿ. "ಹತ್ತು ವರ್ಷದ ಹಿಂದೆ ಆ ಸರ ಈ ಲೋಕದಲ್ಲೇ ಇರಲಿಲ್ಲ."

"ಏನಂದಿರಿ?"

"ಸರ ನನ್ನದಲ್ಲ. ಪುಂಜಾಲಕಟ್ಟೆಯ ಖದೀಜಕ್ಕನದ್ದು. ಮದುವೆಗೆ ಮೂರು ದಿನದ ಮಟ್ಟಿಗೆ ಕೇಳಿ ತಂದದ್ದು, ಹಾಗೇ ವಾಪಸು ಕೊಟ್ಟಿದ್ದೇವೆ. ಮರುವರ್ಷ ಅವರ ಮಗಳು ಫಾಹಿಮಾಳ ಮದುವೆಗೆ ಅದನ್ನು ಕರಗಿಸಿ ಬಳೆ ಮಾಡಿಸಿದರು. ಹಾಗಾಗಿ ಆ ಸರ ಹಾಕಿ ನಾನು ಕಾರಿನಿಂದ ಇಳಿದದ್ದು ಒಂದೇ ಸಲ."

ಬೆರಳಚ್ಚಿನವಳು ಹೊಡೆಯುವುದನ್ನು ಬಿಟ್ಟು ಮುಖ ಎತ್ತಿದಳು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, "ಹಾಗಾದರೆ ಲಾಕರ್?" ಎಂದು ಕೇಳಿದರು.

"ಲಾಕರ್ ಇಲ್ಲ ಸ್ವಾಮಿ."

ಜಿತೇಶ್ ಸುಲಭದಲ್ಲಿ ಬಿಡುವವನಲ್ಲ. "ದಾವೆ ಗೆಲ್ಲಲಿಕ್ಕೆ ಈಗ ನಿಂತಲ್ಲೇ ಸುಳ್ಳು ಕಟ್ಟುತ್ತಿದ್ದೀರಿ ಎಂದರೆ?"

"ಸುಳ್ಳು ಹೇಳುವುದಾದರೆ ಲಾಕರಿನಲ್ಲಿ ಉಂಟು ಅಂತಲೇ ಹೇಳ್ತಿದ್ದೆ," ಎಂದಳು ಹರಿಣಾಕ್ಷಿ. "ಅದು ನನಗೆ ಅಭ್ಯಾಸ ಉಂಟು."

ಕೋರ್ಟೆಂಬುದನ್ನು ಮರೆತು ಹಿಂದಿನ ಸಾಲಿನವರು ನಕ್ಕರು. ಪೂವಮ್ಮ ನಗಲಿಲ್ಲ. ಅವರ ಕೈ ಸೊಂಟದಿಂದ ಮೆಲ್ಲಗೆ ಕೆಳಗಿಳಿಯಿತು. ಜ್ಯೋತ್ಸ್ನಾ ಕೂಡಲೇ ಎದ್ದು, ಖದೀಜಳಿಗೂ ಸಮನ್ಸ್ ಕಳಿಸಬೇಕು, ಬಳೆ ಸಹಿತ, ಎಂದು ಅರ್ಜಿ ಕೊಟ್ಟಳು.

ಅಂದಿನಿಂದ ಪೂವಮ್ಮ ಸೊಸೆಯೊಡನೆ ನೇರ ಮಾತು ಬಿಟ್ಟರು. ಹೇಳಬೇಕಾದ್ದನ್ನು ಹಟ್ಟಿಗೆ ಹೋಗಿ ದನಕ್ಕೆ ಹೇಳುತ್ತಿದ್ದರು, ಹರಿಣಾಕ್ಷಿಗೆ ಕೇಳುವಷ್ಟು ಗಟ್ಟಿಯಾಗಿ. "ಹುಲ್ಲು ಉಂಟು ಅಂತ ನಂಬಬೇಡ ಮಾರಾಯ್ತಿ, ಲಾಕರಿನಲ್ಲಿ ಇದ್ದೀತು." ದನ ತಲೆಯಾಡಿಸುತ್ತಿತ್ತು. ಬೈದಿದ್ದರೆ ಹರಿಣಾಕ್ಷಿ ಸಹಿಸುತ್ತಿದ್ದಳು, ಇದು ಅವಳ ಕರುಳು ಹಿಂಡಿತು. ಆಲ್ಬಮ್ ಕೇಳಿದ ತಪ್ಪಿಗೆ ತುಕ್ರಪ್ಪನವರು ಇಬ್ಬರ ನಡುವೆ ಸಿಕ್ಕಿ ಗಂಜಿಗೆ ಉಪ್ಪು ಕೇಳಲೂ ಹೆದರಿದರು. ವಿಸ್ಮಿತಾ ಒಬ್ಬಳು ಮಾತ್ರ ನಕ್ಕು, "ಈಗ ಬಾಡಿಗೆಗೆ ಸೆಟ್ಟೇ ಸಿಗ್ತದೆ ಅಜ್ಜಿ, ಎಲ್ಲರೂ ಅದನ್ನೇ ಹಾಕುವುದು," ಎಂದಳು. ಅಜ್ಜಿ ಅವಳನ್ನು ನೋಡಿದ ನೋಟಕ್ಕೆ ಹುಡುಗಿ ಫೋನು ಹಿಡಿದುಕೊಂಡು ಒಳಗೆ ಹೋದಳು.

ಮುಂದಿನ ವಾಯಿದೆಗೆ ಖದೀಜಕ್ಕ ಬಂದರು, ಜೊತೆಗೆ ಎರಡೂ ಕೈಗೆ ಬಳೆ ತೊಟ್ಟ ಫಾಹಿಮಾ. ಖದೀಜಕ್ಕನಿಗೆ ಕೋರ್ಟಿನ ಭಯ ಏನೂ ಇರಲಿಲ್ಲ. ಹೌದು, ನನ್ನ ಸರ. ಹೌದು, ಹರಿಣಾಕ್ಷಿಗೆ ಕೊಟ್ಟದ್ದು. ಹೌದು, ಇವೇ ಬಳೆ.

ಜಿತೇಶ್ ಎದ್ದ. "ಅಷ್ಟು ಬೆಲೆಬಾಳುವ ಸರವನ್ನು ಯಾರೋ ಕೇಳಿದರು ಅಂತ ಸುಮ್ಮನೆ ಕೊಟ್ಟುಬಿಟ್ಟಿರಾ?"

"ಅದರಲ್ಲಿ ಏನುಂಟು? ಮದುಮಗಳು ಬೋಳು ಕೊರಳಲ್ಲಿ ಹೋಗ್ಲಿಕ್ಕೆ ಆಗ್ತದಾ? ಆ ಸರ ನನ್ನ ಕೊರಳಿಗಿಂತ ಹೆಚ್ಚು ಬೇರೆಯವರ ಕೊರಳಲ್ಲೇ ಇತ್ತು."

"ಹಾಗೆ ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ಯಾರ್ಯಾರಿಗೆ ಕೊಟ್ಟಿದ್ದೀರಿ, ಹೆಸರು ಹೇಳಿ ನೋಡುವ."

"ಹೇಳ್ತೇನೆ." ಖದೀಜಕ್ಕ ಬೆರಳು ಮಡಚಲು ಸಿದ್ಧರಾಗಿ ಕೋರ್ಟಿನೊಳಗೆ ಒಮ್ಮೆ ಕಣ್ಣಾಡಿಸಿದರು. ಕಣ್ಣು ಮುಂಡಪ್ಪಣ್ಣನ ಮೇಲೆ ನಿಂತಿತು. ಗುರುತು ಹತ್ತಿದವರ ಹಾಗೆ ಅವರು ನಸುನಕ್ಕರು. "ಮೊದಲಿಗೆ ಈ ಶಿರ್ತಾಡಿ ಕಡೆಯದ್ದೇ ಹೇಳ್ತೇನೆ. ಹರಿಣಾಕ್ಷಿಗಿಂತ ಮೊದಲು, ಒಬ್ಬರ ತಂಗಿಯ ಮದುವೆ ಇತ್ತು..."

ಮುಂಡಪ್ಪಣ್ಣ ಎದ್ದು ನಿಂತಿದ್ದ. "ಸ್ವಾಮಿ, ರಾಜಿ ಆಗುವ," ಎಂದ. "ನೆರೆಕರೆಯವರು ನಾವು. ದಾರಿಯಲ್ಲಿ ಪಿಕಪ್ಪು ಹೋದರೆ ನನಗೇನು ನಷ್ಟ? ಗೇಟು ಇವತ್ತೇ ತೆಗೀತೇನೆ."

ಜಿತೇಶ್ ಕಕ್ಷಿದಾರನ ಮುಖ ನೋಡಿದ. ಕಕ್ಷಿದಾರ ಎಲ್ಲಿಯೂ ನೋಡುತ್ತಿರಲಿಲ್ಲ. ಖದೀಜಕ್ಕನ ಮಡಚಿದ ಬೆರಳು ಹಾಗೇ ಉಳಿಯಿತು, ಆ ತಂಗಿ ಯಾರ ತಂಗಿ ಎಂದು ದಾಖಲೆಯಲ್ಲಿ ಬರಲಿಲ್ಲ. ರಾಜಿಪತ್ರಕ್ಕೆ ಸೈನು ಬಿತ್ತು, ದಾರಿ ತೆರೆಯಿತು.

ಹೊರಗೆ ಜಗಲಿಯಲ್ಲಿ ತುಕ್ರಪ್ಪನವರು ಎಲ್ಲರಿಗೂ ಚಾ ಹೇಳಲು ಹೋದರು. ಪೂವಮ್ಮ ಸೀದಾ ಫಾಹಿಮಾಳ ಹತ್ತಿರ ಹೋಗಿ ಅವಳ ಕೈ ಹಿಡಿದು, ಬಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, ಎಷ್ಟೋ ದಿನದ ಮೇಲೆ, ನೇರವಾಗಿ ಸೊಸೆಯ ಮುಖ ನೋಡಿದರು.

"ಸರ ಇಲ್ಲದ್ದಕ್ಕೆ ನನಗೆ ಬೇಜಾರಿಲ್ಲ. ಇಪ್ಪತ್ತಮೂರು ವರ್ಷ ಈ ಕೀ ಚುಚ್ಚುತ್ತದೆ ಅಂತ ಒಂದೇ ಮಗ್ಗುಲಲ್ಲಿ ಮಲಗಿದ್ದೇನೆ. ನನಗೊಬ್ಬಳಿಗಾದರೂ ಹೇಳಬಾರದಿತ್ತಾ?"

"ಹೆದರಿಕೆ ಆಯ್ತು ಅತ್ತೆ," ಎಂದಳು ಹರಿಣಾಕ್ಷಿ. ಅವಳ ಕಣ್ಣಲ್ಲಿ ನೀರು ಬಂತು. "ಆಮೇಲೆ ನಿಮ್ಮ ಸಂತೋಷ ನೋಡಿ ಹೇಳ್ಲಿಕ್ಕೆ ಮನಸ್ಸು ಬರಲಿಲ್ಲ."

ಪೂವಮ್ಮ ಖದೀಜಕ್ಕನ ಕಡೆ ತಿರುಗಿದರು. "ಮಾರ್ಚಿನಲ್ಲಿ ನಮ್ಮ ಮೊಮ್ಮಗಳ ಮದುವೆ. ಬೀಗರ ಹತ್ತಿರ ನಾನು ಮಾತು ಕೊಟ್ಟಾಗಿದೆ. ಸರ ಕರಗಿಸಿ ಬಳೆ ಮಾಡಿಸಿದೆವು ಅಂತ ಹೇಳಿದರೆ ಸುಳ್ಳೂ ಆಗುವುದಿಲ್ಲ. ಈ ಬಳೆ ಒಂದು ಮೂರು ದಿನಕ್ಕೆ..."

"ಅದಕ್ಕೇನು, ತೆಕ್ಕೊಂಡು ಹೋಗಿ," ಎಂದರು ಖದೀಜಕ್ಕ. ಫಾಹಿಮಾ ತಲೆಯಾಡಿಸಿದಳು.

ಹರಿಣಾಕ್ಷಿ ಬಾಯಿ ತೆರೆದು ನಿಂತಿದ್ದಳು. ಪೂವಮ್ಮ ಕಂಬದ ಮರೆಗೆ ಹೋಗಿ, ಸೊಂಟದ ದಾರದಿಂದ ಕೀ ಬಿಚ್ಚಿ, ಸೆರಗಿನಿಂದ ಒರೆಸಿ ಸೊಸೆಯ ಕೈಗೆ ಇಟ್ಟರು.

"ಇದನ್ನು ವಿಸ್ಮಿತಾಳ ಪೆಟ್ಟಿಗೆಯಲ್ಲಿ ಹಾಕು. ಬಳೆ ಎಲ್ಲಿ ಅಂತ ಅವಳ ಅತ್ತೆ ಕೇಳಿದರೆ ಈ ಕೀ ಕೊಡಲಿ. ಬ್ಯಾಂಕು ಮಾತ್ರ ಬಂಟ್ವಾಳದ್ದು ಅಂತ ಹೇಳಲಿ. ಬೆಳ್ತಂಗಡಿ ಅಂದರೆ ಚಾರ್ಮಾಡಿಯವರಿಗೆ ಹತ್ತಿರ ಆಗ್ತದೆ, ಹೋಗಿ ಕೇಳಿಬಿಟ್ಟಾರು."